ಸೇಬಿನ ಬೇರು

ಮಗಳು ಆಗ ಅಮೆರಿಕದ ಪ್ರಾವಿಡೆನ್ಸ್ ಊರಿನಲ್ಲಿದ್ದಳು. ರೋಡ್ ಐಲೆಂಡ್ ರಾಜ್ಯದ ರಾಜಧಾನಿ ಅದು; ಆ ದೇಶದಲ್ಲೇ ಅದಕ್ಕಿಂತ ಚಿಕ್ಕ ರಾಜ್ಯ ಇನ್ನೊಂದಿಲ್ಲ. ಬಾಣಂತನಕ್ಕೆಂದು ನಾವಿಬ್ಬರೂ ಹೋಗಿದ್ದೆವು. ಜನವರಿಯೋ ಫೆಬ್ರವರಿಯೋ, ಈಗ ಮರೆತಿದೆ. ಕೂಸಿಗೆ ಇನ್ನೂ ಕತ್ತು ನಿಂತಿರಲಿಲ್ಲ, ಅದು ಮಾತ್ರ ಚೆನ್ನಾಗಿ ನೆನಪಿದೆ.

ಆ ದಿನ ಬೆಳಗಿನಿಂದ ಹಿಮ ಬೀಳುತ್ತಿತ್ತು. ನಮ್ಮ ಮಳೆಯಾದರೆ ಹಂಚಿನ ಮೇಲೆ ಸದ್ದು ಮಾಡಿ, ಹೇಳಿ ಬರುತ್ತದೆ. ಹಿಮ ಹಾಗಲ್ಲ. ಪರದೆ ಸರಿಸಿ ನೋಡುವ ಹೊತ್ತಿಗೆ ಮೆಟ್ಟಿಲು, ಬೇಲಿ, ಕಾರು ಯಾವುದೂ ಗುರುತು ಸಿಗುತ್ತಿರಲಿಲ್ಲ. ಸಂಜೆಗೆ ಕರೆಂಟು ಹೋಯಿತು. ಕರೆಂಟಿನ ಜೊತೆ ಮನೆಯ ಬಿಸಿಯೂ ಹೋಯಿತು. ಕೂಸನ್ನು ಎರಡು ಕಂಬಳಿಯಲ್ಲಿ ಸುತ್ತಿಕೊಂಡು ಕೂತಿದ್ದಾಗ ಪಕ್ಕದ ಮನೆಯಾಕೆ ಮೊಣಕಾಲುದ್ದದ ಬೂಟು ಹಾಕಿಕೊಂಡು ಬಂದು, “ಎಲ್ಲರೂ ನಮ್ಮ ಮನೆಗೆ ಬನ್ನಿ, ಬೆಂಕಿ ಹಾಕಿದ್ದೇನೆ” ಎಂದರು.

ಆಕೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ವಯಸ್ಸು ಎಂಬತ್ತರ ಹತ್ತಿರ. ಭಾನುವಾರ ಚರ್ಚು ತಪ್ಪಿಸುತ್ತಿರಲಿಲ್ಲ. ಆಕೆಗೆ ಒಂದು ಅಭ್ಯಾಸವಿತ್ತು. ನೂರಾರು ವರ್ಷದ ಹಿಂದಿನವರನ್ನೂ ಬೀದಿಯಾಚೆಯ ಮನೆಯವರೇನೋ ಅನ್ನುವ ಹಾಗೆ ಹೆಸರು ಹಿಡಿದು ಮಾತಾಡುವರು. ಬೆಂಕಿ ಕೆದಕುವ ಕಬ್ಬಿಣದ ಸಲಾಕೆಯನ್ನು ಕಿಟಕಿಯ ಕಡೆ ಚಾಚಿ, “ರಾಜರ್ ಅಲ್ಲೇ ಇಳಿದದ್ದು, ಹೊಳೆ ದಾಟಿ” ಅನ್ನುವರು.

ಅಂದು ಶುಕ್ರವಾರ. ನನ್ನವಳು ಮಗಳ ಮನೆಯಿಂದ ಬರುವಾಗಲೇ ಪುಟ್ಟ ಹಿತ್ತಾಳೆ ದೀಪ, ಎಣ್ಣೆಯ ಶೀಸೆ, ಎರಡು ಬತ್ತಿ ಸೆರಗಿನಲ್ಲಿ ಇಟ್ಟುಕೊಂಡಿದ್ದಳು. ಪರರ ಮನೆ, ಪರಧರ್ಮದವರ ಮನೆ. ಹಚ್ಚಬಹುದೋ ಬಾರದೋ ಎಂದು ಅವಳಿಗೆ ಸಂಕೋಚ. “ಕೇಳೇ, ಬೇಜಾರು ಮಾಡ್ಕೋತಾರಾ?” ಎಂದು ಮಗಳ ಕಿವಿಯಲ್ಲಿ ಅಂದಳು. ಮಗಳು ಕೇಳಿದಳು. ಆಕೆ ಎದ್ದು, ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿದ್ದ ಫೋಟೋಗಳನ್ನೂ ಗಡಿಯಾರವನ್ನೂ ಒಂದೊಂದಾಗಿ ಸರಿಸಿ ದೀಪಕ್ಕೆ ಜಾಗ ಮಾಡಿದರು. “ಈ ಊರಿನಲ್ಲಿ ಇದಕ್ಕೆ ಯಾರ ಅಪ್ಪಣೆಯೂ ಬೇಡ. ಊರು ಕಟ್ಟಿದ್ದೇ ಅದಕ್ಕೆ” ಎಂದರು. ಅಲ್ಲಿಂದ ಶುರುವಾಯಿತು ಕಥೆ.

ರಾಜರ್ ವಿಲಿಯಮ್ಸ್ ಇಂಗ್ಲೆಂಡಿನ ಪಾದ್ರಿ. 1631ರಲ್ಲಿ ಹೆಂಡತಿ ಮೇರಿಯ ಜೊತೆ ಬಾಸ್ಟನ್ನಿಗೆ ಬಂದ. ಅಲ್ಲಿ ನೆಲೆಯೂರಿದ್ದ ಪ್ಯೂರಿಟನ್ನರು ತಮ್ಮ ದೇಶದ ಧರ್ಮಾಧಿಕಾರಿಗಳ ಕಾಟ ತಾಳಲಾರದೆ ಕಡಲು ದಾಟಿದವರು. ಇಲ್ಲಿ ಅಧಿಕಾರ ಕೈಗೆ ಬಂದದ್ದೇ, ತಮ್ಮ ದಾರಿ ಬಿಟ್ಟು ನಡೆದವರಿಗೆ ದಂಡ ಹಾಕತೊಡಗಿದರು. ಮಗಳು ಇದನ್ನು ಕನ್ನಡದಲ್ಲಿ ಹೇಳಿದಾಗ ನನ್ನವಳು, “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ” ಎಂದಳು. ಆಕೆಗೆ ಅದರ ಅರ್ಥ ಬಿಡಿಸಿ ಹೇಳಿದ ಮೇಲೆ ತಲೆಯಾಡಿಸಿ, ಎರಡು ಸಲ ಅನ್ನಿಸಿಕೊಂಡು ಕೇಳಿದರು.

ರಾಜರ್ ಸುಮ್ಮನಿರುವ ಜಾತಿಯವನಲ್ಲ. ಈ ನೆಲ ಇಲ್ಲಿನ ಮೂಲ ಜನರದು, ಇಂಗ್ಲೆಂಡಿನ ದೊರೆ ಇದನ್ನು ದಾನ ಮಾಡಲು ಯಾರು ಎಂದ. ಕಳ್ಳನನ್ನೂ ಕೊಲೆಗಡುಕನನ್ನೂ ಸರ್ಕಾರ ಶಿಕ್ಷಿಸಲಿ, ಆದರೆ ದೇವರ ವಿಷಯದಲ್ಲಿ ಮನುಷ್ಯನ ಮನಸ್ಸಿನೊಳಗೆ ಅದು ಕೈ ಹಾಕಬಾರದು ಎಂದ. 1635ರಲ್ಲಿ ಬಾಸ್ಟನ್ನಿನ ಆಡಳಿತ ಅವನಿಗೆ ಗಡೀಪಾರು ವಿಧಿಸಿತು. ಆಗ ಅವನಿಗೆ ಕಾಯಿಲೆ, ಮನೆಯಲ್ಲಿ ಹಸಿ ಬಾಣಂತಿ. ಹುಟ್ಟಿದ್ದು ಹೆಣ್ಣು ಕೂಸು. ಫ್ರೀಬಾರ್ನ್ ಎಂದು ಹೆಸರಿಟ್ಟಿದ್ದರು, ಅಂದರೆ ಸ್ವತಂತ್ರಳಾಗಿ ಹುಟ್ಟಿದವಳು. ಇದನ್ನು ಹೇಳುವಾಗ ಆಕೆ ನಮ್ಮ ಕೂಸಿನ ಪಾದವನ್ನು ಕಂಬಳಿಯೊಳಗೆ ಸೇರಿಸಿದರು.

ಚಳಿಗಾಲ ಕಳೆಯುವವರೆಗೆ ಇರು, ಬಾಯಿ ಮುಚ್ಚಿಕೊಂಡಿರು ಎಂದರು. ಅವನು ಮನೆಯೊಳಗೇ ಜನ ಸೇರಿಸಿ ಮಾತಾಡಿದ. ಹಿಡಿದು ಹಡಗು ಹತ್ತಿಸಲು ಚಳಿಗಾಲದ ನಡುವೆ ಆಳುಗಳು ಬಂದರು. ಮೂರು ದಿನ ಮೊದಲೇ ಅವನು ಹೊರಟುಹೋಗಿದ್ದ. ನಾರಗ್ಯಾನ್ಸೆಟ್ ಕೊಲ್ಲಿಯ ಕಡೆ ಹೋಗು ಎಂದು ಗುಟ್ಟಾಗಿ ಬರೆದವನು ಬೇರೆ ಯಾರೂ ಅಲ್ಲ, ಹಿಂದೆ ಗವರ್ನರ್ ಆಗಿದ್ದ, ಎದುರು ಪಕ್ಷದ ಜಾನ್ ವಿಂಥ್ರಾಪ್. ಹದಿನಾಲ್ಕು ವಾರ ರಾಜರನಿಗೆ ರೊಟ್ಟಿಯಿಲ್ಲ, ಹಾಸಿಗೆಯಿಲ್ಲ. ಆಸರೆ ಕೊಟ್ಟವರು ವಾಂಪನಾಗ್ ಜನ, ಅವರ ನಾಯಕ ಮಸಸಾಯ್ಟ್. ಹಿಂದೆಯೇ ಅವರ ಹೊಗೆ ತುಂಬಿದ ಗುಡಿಸಲುಗಳಲ್ಲಿ ಕೂತು ಭಾಷೆ ಕಲಿತಿದ್ದ, ಆ ಭಾಷೆ ಪ್ರಾಣ ಉಳಿಸಿತು. ಆಮೇಲೆ ನಾರಗ್ಯಾನ್ಸೆಟ್ ನಾಯಕರಾದ ಕನಾನಿಕಸ್ ಮತ್ತು ಮಿಯಾಂಟೊನೊಮಿ ಕೊಟ್ಟ ನೆಲದಲ್ಲಿ ಈ ಊರು ಎದ್ದಿತು. ಪ್ರಾವಿಡೆನ್ಸ್, ಅಂದರೆ ದೈವಕೃಪೆ.

ನಡುವೆ ಊಟದ ಮಾತು ಹೇಳದಿದ್ದರೆ ಆಗದು. ಮೆಕ್ಕೆಜೋಳದ ಬಿಳಿ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ ಕಾವಲಿಯ ಮೇಲೆ ಪುಟ್ಟ ಪುಟ್ಟ ಬಿಲ್ಲೆಗಳಾಗಿ ಹುಯ್ದು ಬೇಯಿಸಿದ್ದರು. ಜಾನಿಕೇಕ್ ಅನ್ನುತ್ತಾರೆ. ಅಂಚು ಗರಿಗರಿ, ಒಳಗೆ ಮೆತ್ತಗೆ. ನನ್ನವಳು ಮಗಳ ಮನೆಗೆ ಓಡಿಹೋಗಿ ನಿಂಬೆ ಉಪ್ಪಿನಕಾಯಿ ತಂದಳು. ಜೊತೆಗೆ ಕುಂಬಳದ ಜಾತಿಯ ಸ್ಕ್ವಾಶ್ ಕಾಯಿಯ ಸಾರು. ಸ್ಕ್ವಾಶ್ ಅನ್ನುವ ಮಾತು ಬಂದದ್ದೇ ಆ ನಾರಗ್ಯಾನ್ಸೆಟ್ ಜನರ ನುಡಿಯಿಂದ, ಆ ನುಡಿಯ ಬಗ್ಗೆ ರಾಜರ್ 1643ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಈ ಕಾಯಿಯೂ ಇದೆ ಎಂದರು. ಸಾರು ಕುಡಿಯುವಾಗಲೆಲ್ಲ ನನಗೆ ಈ ಮಾತು ಜ್ಞಾಪಕಕ್ಕೆ ಬರುತ್ತದೆ.

ಕಥೆಗೆ ಬರುತ್ತೇನೆ. ಮುಂದೆ ಕ್ವೇಕರರು ಬಂದರು. ಪಾದ್ರಿಯೂ ಬೇಡ, ದೈವದ ಬೆಳಕು ಪ್ರತಿಯೊಬ್ಬರ ಒಳಗೇ ಇದೆ ಅನ್ನುವವರು. ಬಾಸ್ಟನ್ನಿನಲ್ಲಿ ಅವರಿಗೆ ಚಾಟಿಯೇಟು ಬಿತ್ತು, ಕೆಲವರ ಕಿವಿ ಕತ್ತರಿಸಿದರು. ಮೇರಿ ಡಯರ್ ಎಂಬಾಕೆಯನ್ನು 1659ರಲ್ಲಿ ಗಲ್ಲಿನ ಬುಡಕ್ಕೆ ಒಯ್ದರು. ಕಣ್ಣೆದುರೇ ಇಬ್ಬರು ಸಂಗಾತಿಗಳನ್ನು ನೇಣಿಗೇರಿಸಿ, ಕೊರಳಿಗೆ ಹಗ್ಗ ಬಿದ್ದಿದ್ದ ಅವಳನ್ನು ಮಾತ್ರ ಇಳಿಸಿ ಊರು ಬಿಡಿಸಿದರು. ಮರುವರ್ಷ ಅವಳೇ ತಿರುಗಿ ಬಂದಳು. ಆ ಕಾನೂನು ತಪ್ಪು ಎಂದು ಅವರ ಮುಖಕ್ಕೇ ಹೇಳಲು ಬಂದಳು. 1660ರ ಜೂನ್ 1ರಂದು ಗಲ್ಲಿಗೆ ಹಾಕಿದರು. ಆಕೆಯ ಸಲಾಕೆ ಇಷ್ಟು ಹೊತ್ತಿಗೆ ನೆಲಕ್ಕೆ ಊರಿತ್ತು. ನಾವ್ಯಾರೂ ಮಾತಾಡಲಿಲ್ಲ.

ಕ್ವೇಕರರನ್ನು ಓಡಿಸಿ ಎಂದು ಅಕ್ಕಪಕ್ಕದ ವಸಾಹತುಗಳು ರೋಡ್ ಐಲೆಂಡಿಗೂ ಒತ್ತಾಯ ಹೇರಿದ್ದವು. ದೇವರ ಬಗ್ಗೆ ಬರಿಯ ಮಾತಾಡಿದವರನ್ನು ದಂಡಿಸುವ ಕಾನೂನು ನಮ್ಮಲ್ಲಿಲ್ಲ ಎಂದು ಇಲ್ಲಿನವರು ಉತ್ತರ ಬರೆದರು. “ರಾಜರನಿಗೆ ಕ್ವೇಕರರ ಮೇಲೆ ಪ್ರೀತಿ ಇತ್ತು ಅಂದುಕೊಂಡಿರಾ? ಅವರನ್ನು ಕಂಡರೆ ಆಗುತ್ತಿರಲಿಲ್ಲ” ಎಂದರು ಆಕೆ. ಅವರು ಹೇಳುವುದೆಲ್ಲ ಸುಳ್ಳು ಎಂದೇ ಅವನ ನಂಬಿಕೆ. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, 1672ರಲ್ಲಿ, ದೋಣಿಗೆ ತಾನೇ ಹುಟ್ಟು ಹಾಕಿಕೊಂಡು ಪ್ರಾವಿಡೆನ್ಸಿನಿಂದ ನ್ಯೂಪೋರ್ಟಿಗೆ ಹೋದ. ಸುಮಾರು ಮೂವತ್ತು ಮೈಲಿ, ಇಡೀ ಹಗಲು, ತಲುಪಿದಾಗ ನಡುರಾತ್ರಿ. ಅಲ್ಲಿ ದಿನಗಟ್ಟಲೆ ಅವರೊಡನೆ ವಾದ ಮಾಡಿದ. ಅವರ ವಿರುದ್ಧ ಪುಸ್ತಕವನ್ನೂ ಬರೆದ. ಒಬ್ಬರ ಮೇಲೂ ಕೈಯೆತ್ತಿಸಲಿಲ್ಲ, ಊರು ಬಿಡಿಸಲಿಲ್ಲ.

ಅವನನ್ನು ದೇವರು ಮಾಡಿ ಕೂರಿಸುವ ಇರಾದೆ ಆಕೆಗಿರಲಿಲ್ಲ. 1676ರಲ್ಲಿ ಮೂಲ ಜನರೊಡನೆ ನಡೆದ ಯುದ್ಧದಲ್ಲಿ ಊರು ಸುಟ್ಟಿತು, ರಾಜರನ ಮನೆಯೂ ಸುಟ್ಟಿತು. ಅದೇ ವರ್ಷ, ಅವನಿಗೆ ಒಂದು ಕಾಲದಲ್ಲಿ ಅನ್ನ ಕೊಟ್ಟ ಮೂಲ ಜನರ ಪೈಕಿ ಸೆರೆಸಿಕ್ಕವರನ್ನು ಜೀತಕ್ಕೆ ಮಾರಿದರು. ಆ ವ್ಯವಸ್ಥೆ ನೋಡಿಕೊಂಡವರಲ್ಲಿ ರಾಜರನೂ ಇದ್ದ. “ಇದನ್ನೂ ಮಕ್ಕಳಿಗೆ ಹೇಳುತ್ತಿದ್ದೆ” ಎಂದು ಬೆಂಕಿಗೆ ಇನ್ನೊಂದು ಕೊರಡು ಇಟ್ಟರು.

ಹಿಮ ಕರಗಿದ ಮೇಲೆ, ವಾರವೋ ಹತ್ತು ದಿನವೋ ಕಳೆದು, ಆಕೆಯೇ ನಮ್ಮನ್ನು ಜಾನ್ ಬ್ರೌನ್ ಹೌಸ್ ಎಂಬ ಹಳೆಯ ಬಂಗಲೆಯ ಮ್ಯೂಸಿಯಮ್ಮಿಗೆ ಕರೆದೊಯ್ದರು. ಅಲ್ಲೊಂದು ಬೇರು ಇಟ್ಟಿದ್ದಾರೆ. 1860ರಲ್ಲಿ ರಾಜರನ ಸಮಾಧಿ ತೋಡಿದಾಗ ಹೆಚ್ಚೇನೂ ಸಿಗಲಿಲ್ಲವಂತೆ, ಸೇಬಿನ ಮರದ ಈ ಬೇರು ಸಿಕ್ಕಿತಂತೆ. ಬೆನ್ನಿನ ಜಾಡು ಹಿಡಿದು ಇಳಿದು, ಸೊಂಟದ ಹತ್ತಿರ ಎರಡಾಗಿ ಕವಲೊಡೆದು, ಮೊಣಕಾಲಲ್ಲಿ ಬಾಗಿ, ತುದಿಯಲ್ಲಿ ಪಾದದ ಹಾಗೆ ಮೇಲಕ್ಕೆ ತಿರುಗಿದೆ. ನಾನು ಬಹಳ ಹೊತ್ತು ಆ ಪಾದಗಳನ್ನೇ ನೋಡುತ್ತಾ ನಿಂತೆ. ಹಿಮದಲ್ಲಿ ಅಷ್ಟು ದೂರ ನಡೆದ ಪಾದ, ದೋಣಿಯ ಹಲಗೆಗೆ ಒತ್ತಿಕೊಂಡು ಹುಟ್ಟು ಹಾಕಿದ ಪಾದ. ಬಾಸ್ಟನ್ ಇರುವ ಮಾಸಚೂಸೆಟ್ಸ್ ರಾಜ್ಯ ಅವನ ಗಡೀಪಾರನ್ನು ಹಿಂತೆಗೆದುಕೊಂಡದ್ದು 1936ರಲ್ಲಿ. ಅಷ್ಟು ಹೊತ್ತಿಗೆ ಮುನ್ನೂರು ವರ್ಷ ಆಗಿತ್ತು.

ಆದರೆ ಬೇರಿಗಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು ಆ ಕರೆಂಟಿಲ್ಲದ ರಾತ್ರಿ. ಕಥೆ ಮುಗಿಯುವ ಹೊತ್ತಿಗೆ ಕೂಸು ಮಲಗಿತ್ತು. ನನ್ನವಳು ಮಗಳ ಮೂಲಕ ಆಕೆಯನ್ನು ಕೇಳಿದಳು, “ನೀವು ಈ ದೀಪವನ್ನು, ನಮ್ಮ ದೇವರನ್ನು ನಂಬ್ತೀರಾ?”

“ಇಲ್ಲಮ್ಮ” ಎಂದರು ಆಕೆ, ನೇರವಾಗಿ. ಎದ್ದು ಹೋಗಿ ಹಲಗೆಯ ಮೇಲಿನ ದೀಪವನ್ನು ಬಗ್ಗಿ ನೋಡಿದರು. “ಎಣ್ಣೆ ತಳ ಹತ್ತಿದೆ. ಅಡುಗೆಮನೆಯಲ್ಲಿ ಆಲಿವ್ ಎಣ್ಣೆ ಇದೆ, ತರಲಾ?”