ತಲೆ ನೋಡಿ ಮಣೆ

ನಮ್ಮ ಹಳೇ ಮೈಸೂರಿನ ಕಡೆ ಯಾರ ಮನೆಯಲ್ಲಾದರೂ ಹಳೆಯ ಫೋಟೋ ಆಲ್ಬಂ ಇದ್ದರೆ ಅದರಲ್ಲಿ ಇಂಥದೊಂದು ಚಿತ್ರ ಇರುವ ಸಂಭವ ಹೆಚ್ಚು. ಎರಡು ಮೂರು ವರ್ಷದ ಮಗು. ಜರಿ ಲಂಗ, ಕೈತುಂಬ ಬಳೆ, ಹಣೆಯಲ್ಲಿ ದೊಡ್ಡ ಬೊಟ್ಟು, ತಲೆಗೆ ಮೊಗ್ಗಿನ ಜಡೆ. ಜಡೆ ಚೆನ್ನಾಗಿ ಕಾಣಲಿ ಅಂತ ಸ್ಟುಡಿಯೋದವನು ಹಿಂದೆ ಕನ್ನಡಿ ಬೇರೆ ಇಟ್ಟಿರುತ್ತಾನೆ. "ಯಾರಿದು ಹುಡುಗಿ, ಇಷ್ಟು ಲಕ್ಷಣವಾಗಿದ್ದಾಳೆ?" ಎಂದು ಕೇಳಿದರೆ ಮನೆಯವರೆಲ್ಲ ನಗುತ್ತಾರೆ. ಹುಡುಗಿ ಅಲ್ಲ, ಅಲ್ಲೇ ಆರಾಮ ಕುರ್ಚಿಯಲ್ಲಿ ಪೇಪರ್ ಓದುತ್ತಾ ಕೂತಿರುವ ದೊಡ್ಡಪ್ಪ!

ಚೌಲ ಆಗುವವರೆಗೆ ಗಂಡುಮಗುವಿನ ತಲೆಗೆ ಕತ್ತರಿ ತಾಕಿಸದ ಮನೆಗಳು ಬಹಳ ಇದ್ದವು. ಹೇಗೂ ತೆಗೆಸುವ ಕೂದಲು, ಅದಕ್ಕೆ ಮುಂಚೆ ಒಂದು ಸಲ ಜಡೆ ಹಾಕಿ ನೋಡೋಣ ಅನ್ನುವ ಆಸೆ ಅಮ್ಮಂದಿರಿಗೆ. ಆಮೇಲೆ ಕೆಲವರಿಗೆ ಜುಟ್ಟು ಬಿಡುತ್ತಿದ್ದರು. ಹರಕೆ ಇದ್ದವರು ತಿರುಪತಿಗೋ ನಂಜನಗೂಡಿಗೋ ಹೋಗಿ ಮುಡಿ ಕೊಟ್ಟು, ನುಣ್ಣನೆಯ ತಲೆಗೆ ಗಂಧ ಬಳಿದುಕೊಂಡು ಬರುತ್ತಿದ್ದರು. ಮಗುವಿನ ತಲೆಯ ಮೇಲೆ ಇರುತ್ತಿದ್ದದ್ದು ಅಮ್ಮನ ಆಸೆ, ಅಜ್ಜಿಯ ಹರಕೆ, ಮನೆತನದ ಪದ್ಧತಿ. ಮಗುವಿನ ಗುಣಕ್ಕೂ ಅದಕ್ಕೂ ಏನು ಸಂಬಂಧ? ಜಡೆ ಹಾಕಿಸಿಕೊಂಡ ದೊಡ್ಡಪ್ಪನನ್ನು ನೋಡಿ ಈ ಹುಡುಗ ಮುಂದೆ ಹಾಳಾಗುತ್ತಾನೆ ಎಂದು ಯಾರೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಿದ್ದ ಪದ್ಧತಿ ಅಲ್ಲವೆ, ಅದಕ್ಕೆ.

ಗೊತ್ತಿಲ್ಲದ ಕಡೆಗೆ ಹೋದಾಗ ತಲೆಯ ಲೆಕ್ಕ ಶುರುವಾಗುತ್ತದೆ. ನನಗೆ 1983ರಲ್ಲಿ ದೆಹಲಿಗೆ ವರ್ಗವಾಯಿತು. ಆಗಿನ್ನೂ ಇಪ್ಪತ್ತನಾಲ್ಕು ವರ್ಷ, ಮದುವೆ ಆಗಿರಲಿಲ್ಲ. ಪಶ್ಚಿಮ ದೆಹಲಿಯ ಒಂದು ಬಡಾವಣೆಯಲ್ಲಿ ಬರಸಾತಿ ಹಿಡಿದೆ. ಬರಸಾತಿ ಅಂದರೆ ತಾರಸಿಯ ಮೇಲಿನ ಒಂಟಿ ಕೋಣೆ. ಬೇಸಿಗೆಯಲ್ಲಿ ಕಾದ ಬಾಣಲೆ, ಚಳಿಗಾಲದಲ್ಲಿ ಮಂಜಿನ ಪೆಟ್ಟಿಗೆ. ಕೆಳಗೆ ಪಂಜಾಬಿ ಮಾಲೀಕರು. ನಡುವಿನ ಮಹಡಿಯಲ್ಲಿ, ನನ್ನ ಪುಣ್ಯ, ಧಾರವಾಡದ ಕಡೆಯ ಒಂದು ಸಂಸಾರ. ಗಂಡ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ, ಇಬ್ಬರು ಹೆಣ್ಣುಮಕ್ಕಳು. ಆ ಮನೆಯಾಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಭಾನುವಾರ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದರೆ ನನಗೂ ಮೇಲಕ್ಕೆ ಬರುತ್ತಿತ್ತು.

ಆಗ ದೆಹಲಿಯಲ್ಲಿ ವಿಂಧ್ಯದ ಈಚೆಯವರೆಲ್ಲ ಮದ್ರಾಸಿಗಳು. ಧಾರವಾಡವೂ ಮದ್ರಾಸು, ಹಾಸನವೂ ಮದ್ರಾಸು. ನಾವು ಬಾಯಿ ಬಿಡುವ ಮುಂಚೆಯೇ ನಮ್ಮ ತಲೆ ನೋಡಿ ಗುರುತು ಹಿಡಿಯುತ್ತಿದ್ದರು. ಅಕ್ಕನ ಮಕ್ಕಳು ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ಕೆಂಪು ರಿಬ್ಬನ್ ಕಟ್ಟಿ ಮಡಚಿಕೊಂಡು ಶಾಲೆಗೆ ಹೋಗುತ್ತಿದ್ದರು. ಶಾಲೆಯಲ್ಲಿ ಉಳಿದವರಿಗೆ ಅದೊಂದು ತಮಾಷೆ. ಎಣ್ಣೆಯ ವಾಸನೆ ಅಂತ ಮೂಗು ಮುಚ್ಚಿಕೊಳ್ಳುವುದು, ಹಿಂದಿನ ಬೆಂಚಿನಿಂದ ಜಡೆ ಎಳೆಯುವುದು. ದೊಡ್ಡವಳು ಬಾಬ್ ಕಟ್ ಮಾಡಿಸಿಕೊಡು ಎಂದು ದಿನಾ ಅಳುತ್ತಿದ್ದಳು. ಅಕ್ಕ ಜಗ್ಗಲಿಲ್ಲ. "ಅವರ ಕಣ್ಣಿಗಿ ಚಂದ ಕಾಣ್ಬೇಕಂತ ನಿನ್ನ ಕೂದಲಾ ಕತ್ತರಸಲೇನು?" ಎಂದು ಗದರಿಸಿ ಇನ್ನೂ ಸ್ವಲ್ಪ ಎಣ್ಣೆ ಹಚ್ಚುತ್ತಿದ್ದರು.

ಪಕ್ಕದ ಮನೆಯಲ್ಲಿ ಒಂದು ಸಿಖ್ ಕುಟುಂಬ. ಅವರಿಗೆ ಏಳು ವರ್ಷದ ಮಗ. ನಡುನೆತ್ತಿಯ ಮೇಲೆ ಕೂದಲನ್ನು ಗಂಟು ಹಾಕಿ ಬಟ್ಟೆ ಸುತ್ತಿಕೊಂಡು ಶಾಲೆಗೆ ಹೋಗುವ ಹುಡುಗ. ಆ ಗಂಟಿಗೆ ಜೂಡಾ ಎನ್ನುತ್ತಾರೆ, ಅದರ ಮೇಲೆ ಕಟ್ಟುವ ಬಟ್ಟೆ ಪಟಕಾ. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಸ್ಥಾಪಿಸಿದಾಗಿನಿಂದ ಕೇಶ ಅವರ ಐದು ಧರ್ಮಚಿಹ್ನೆಗಳಲ್ಲಿ ಒಂದು, ಅದಕ್ಕೆ ಕತ್ತರಿ ಹಾಕುವಂತಿಲ್ಲ. ಭಾನುವಾರ ತಲೆ ಸ್ನಾನ ಆದ ಮೇಲೆ ಹುಡುಗ ಕೂದಲು ಬಿಚ್ಚಿಕೊಂಡು ಬಿಸಿಲಲ್ಲಿ ಕೂತರೆ ಅದು ಬೆನ್ನ ನಡುವಿನವರೆಗೆ ಇಳಿಯುತ್ತಿತ್ತು. ಅಕ್ಕನ ಮಕ್ಕಳೂ ಅವನೂ ಒಟ್ಟಿಗೆ ಆಡುತ್ತಿದ್ದರು. ಶಾಲೆಯಲ್ಲಿ ಅವನ ಗಂಟನ್ನೂ ಎಳೆಯುತ್ತಿದ್ದರಂತೆ. ಹಾಗಾಗಿ ಮೂವರದೂ ಒಂದೇ ಪಕ್ಷ.

1984ರ ಅಕ್ಟೋಬರ್ 31ರಂದು ಬೆಳಿಗ್ಗೆ ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಹೊಡೆದವರು ಅವರದೇ ಸಿಖ್ ಅಂಗರಕ್ಷಕರು. ಅಂದು ಸಂಜೆಯೇ ಹಲ್ಲೆಗಳು ಶುರುವಾದವು. ನವೆಂಬರ್ 1ರಿಂದ ಮೂರು ದಿನ ದೆಹಲಿಯಲ್ಲಿ ನಡೆದದ್ದನ್ನು ದಂಗೆ ಎಂದು ಬರೆಯುತ್ತಾರೆ. ದಂಗೆ ಅಂದರೆ ಎರಡು ಕಡೆಯವರು ಹೊಡೆದಾಡುವುದು. ಇಲ್ಲಿ ಒಂದು ಕಡೆಯವರು ಹೊಡೆದರು, ಇನ್ನೊಂದು ಕಡೆಯವರು ಸತ್ತರು. ಯಾರನ್ನು ಹೊಡೆಯಬೇಕು ಎಂದು ತಿಳಿಯಲು ಹೆಸರು ಕೇಳುವ ಅಗತ್ಯವೇ ಇರಲಿಲ್ಲ. ಬೀದಿಯ ಆ ತುದಿಯಿಂದಲೇ ತಲೆ ಕಾಣುತ್ತಿತ್ತು. 1987ರಲ್ಲಿ ಅಹುಜಾ ಸಮಿತಿ ಕೊಟ್ಟ ಅಧಿಕೃತ ಲೆಕ್ಕದ ಪ್ರಕಾರ ದೆಹಲಿಯೊಂದರಲ್ಲೇ ಸತ್ತವರು 2,733.

ಒಂದನೇ ತಾರೀಕು ಮಧ್ಯಾಹ್ನದ ಹೊತ್ತಿಗೆ ನಮ್ಮ ತಾರಸಿಯಿಂದ ನಾಲ್ಕಾರು ಕಡೆ ಹೊಗೆ ಕಾಣುತ್ತಿತ್ತು. ಕುಡಿಯುವ ನೀರಿಗೆ ವಿಷ ಹಾಕಿದ್ದಾರಂತೆ ಎಂಬ ಸುಳ್ಳು ಸುದ್ದಿ ಬೀದಿ ಬೀದಿ ಸುತ್ತುತ್ತಿತ್ತು. ಪಕ್ಕದ ಮನೆಯ ತಾಯಿ ಹಿತ್ತಲ ಗೋಡೆಯ ಕಡೆಯಿಂದ ಮಗನನ್ನು ಕರೆದುಕೊಂಡು ಅಕ್ಕನ ಮನೆಗೆ ಬಂದರು. ಅವರ ಗಂಡ ಅದಾಗಲೇ ನನ್ನ ಕೋಣೆಯ ಪಕ್ಕದಲ್ಲಿ ಮಾಲೀಕರು ಹಳೆ ಸಾಮಾನು ತುಂಬಿದ್ದ ಕಿರುಕೋಣೆ ಸೇರಿದ್ದರು. ಆಕೆ ಬಂದವರೇ ಕೇಳಿದ್ದು ಕತ್ತರಿ. ಮಗನ ತಲೆ ತೋರಿಸಿ ಕತ್ತರಿ ಕೊಡಿ ಎಂದರು. ಕೈ ಗಡಗಡ ನಡುಗುತ್ತಿತ್ತು.

ಅಕ್ಕ ನನ್ನ ಕಡೆ ತಿರುಗಿ, "ತಮ್ಮಾ, ಬಾಗಲಾ ಹಾಕು. ಕತ್ತರಿ ಬ್ಯಾಡಂತ ಹೇಳು ಆಕಿಗೆ. ಹುಡುಗನ್ನ ಇಲ್ಲಿ ಕೂಡಸು" ಎಂದರು. ಆಮೇಲೆ ಕೊಬ್ಬರಿ ಎಣ್ಣೆ ಡಬ್ಬಿ, ಬಾಚಣಿಗೆ ತಂದು, ಪಟಕಾ ಬಿಚ್ಚಿ, ನಡುವೆ ಬೈತಲೆ ತೆಗೆದು, ಎರಡು ಜಡೆ ಹೆಣೆದರು. ಕೆಂಪು ರಿಬ್ಬನ್ ಕಟ್ಟಿ ಮಡಚಿದರು. ಕೈಯಲ್ಲಿದ್ದ ಉಕ್ಕಿನ ಕಡಗ ತೆಗೆದು ಹಿಟ್ಟಿನ ಡಬ್ಬಿಯೊಳಗೆ ಹಾಕಿ ಗಾಜಿನ ಬಳೆ ತೊಡಿಸಿದರು. ಚಿಕ್ಕ ಮಗಳ ಫ್ರಾಕು, ಹಣೆಗೆ ಕುಂಕುಮ. ಹತ್ತು ನಿಮಿಷದ ಕೆಲಸ. ಮೂರು ಮದ್ರಾಸಿ ಹೆಣ್ಣುಮಕ್ಕಳು ಚಾಪೆಯ ಮೇಲೆ ಕೂತು ಕವಡೆ ಆಡುತ್ತಿದ್ದರು.

ಕತ್ತಲಾಗುವ ಮುಂಚೆ ಅವರು ಬಂದರು. ಹದಿನೈದು ಇಪ್ಪತ್ತು ಜನ. ಕೆಳಗೆ ಮಾಲೀಕರು ಬಾಗಿಲಿಗೆ ಅಡ್ಡ ನಿಂತು, ಇಲ್ಲಿ ಸರ್ದಾರರು ಯಾರೂ ಇಲ್ಲ, ಮೇಲೆ ಇರುವವರೆಲ್ಲ ಮದ್ರಾಸಿಗಳು ಎಂದರು. ಆದರೂ ಇಬ್ಬರು ಮೇಲೆ ಬಂದರು. ನಡುಮನೆಯ ಬಾಗಿಲಲ್ಲಿ ನಿಂತು ಮಕ್ಕಳನ್ನು ನೋಡಿದರು, ನನ್ನನ್ನು ನೋಡಿದರು, ದೇವರ ಪಟ ನೋಡಿದರು. ಇಳಿದು ಹೋದರು. ತಾರಸಿಗೆ ಹತ್ತಲಿಲ್ಲ. ಅವರಲ್ಲಿ ಒಬ್ಬನ ಮುಖ ನನಗೆ ಈಗಲೂ ನೆನಪಿದೆ. ಕೈಯಲ್ಲಿ ಕಬ್ಬಿಣದ ಸಲಾಕೆ. ತಲೆಗೆ ಎಣ್ಣೆ ಹಚ್ಚಿ, ಪಕ್ಕಕ್ಕೆ ಬೈತಲೆ ತೆಗೆದು, ಒಂದು ಎಳೆಯೂ ಕೆದರದ ಹಾಗೆ ಬಾಚಿಕೊಂಡಿದ್ದ. ಅವನ ಫೋಟೋ ತೆಗೆದು ಯಾವ ಶಾಲೆಗೆ ಕೊಟ್ಟಿದ್ದರೂ ವಿದ್ಯಾರ್ಥಿಗಳ ಕ್ರಾಪು ಹೀಗಿರಬೇಕು ಅಂತ ಗೋಡೆಗೆ ಹಾಕುತ್ತಿದ್ದರು.

ಹುಡುಗ ಉಳಿದ, ಅವನ ಕೂದಲೂ ಉಳಿಯಿತು. ಅಪ್ಪನ ಕೂದಲು ಉಳಿಯಲಿಲ್ಲ. ಅಂದು ರಾತ್ರಿ ಆತ ನನ್ನ ರೇಜರ್ ಕೇಳಿ ತೆಗೆದುಕೊಂಡು, ಕತ್ತರಿಸಿದ್ದನ್ನೆಲ್ಲ ಒಂದು ಬಿಳಿ ಬಟ್ಟೆಯಲ್ಲಿ ಕಟ್ಟಿ ಎದೆಗೆ ಅವಚಿಕೊಂಡು ಕೂತಿದ್ದರು. ಬೆಳಗಿನವರೆಗೆ ಒಂದು ಮಾತಿಲ್ಲ. ಅಷ್ಟು ಎತ್ತರದ ಆಳು, ಕೂದಲಿಲ್ಲದೆ ಬೇರೆ ಯಾರೋ ಆಗಿದ್ದರು. ಮರುವರ್ಷ ಆ ಕುಟುಂಬ ಮನೆ ಮಾರಿ ಲುಧಿಯಾನಕ್ಕೆ ಹೊರಟುಹೋಯಿತು.

ಆ ದಿನದ ಬಗ್ಗೆ ಯೋಚಿಸುವಾಗಲೆಲ್ಲ ನನಗೆ ಒಂದು ವಿಷಯ ತಟ್ಟುತ್ತದೆ. ನಮ್ಮನ್ನು ರೇಗಿಸುತ್ತಿದ್ದ ಆ 'ಮದ್ರಾಸಿ' ಎಂಬ ಮಾತೇ ಅಂದು ನಮ್ಮನ್ನು ಕಾಪಾಡಿತು. ಶಾಲೆಯಲ್ಲಿ ಎಳೆಸಿಕೊಳ್ಳುತ್ತಿದ್ದ ಎಣ್ಣೆ ಜಡೆ ಒಂದು ಜೀವ ಉಳಿಸಿತು. ಇದರಲ್ಲಿ ಹೆಮ್ಮೆ ಪಡುವಂಥದ್ದು ಅಕ್ಕನ ಧೈರ್ಯ ಒಂದೇ. ಉಳಿದದ್ದು ಬರೀ ಅದೃಷ್ಟ. ಅವರನ್ನು ಕೊಂದದ್ದು ತಲೆ ನೋಡಿ. ನಮ್ಮನ್ನು ಬಿಟ್ಟದ್ದೂ ತಲೆ ನೋಡಿಯೇ. ಸರದಿ ಯಾವಾಗ ಯಾರದು ಎಂದು ಯಾರಿಗೂ ಗೊತ್ತಿರುವುದಿಲ್ಲ.

ನಾನು ಈಗ ಇರುವುದು ಪೂರ್ವ ದೆಹಲಿಯ ಮಯೂರ್ ವಿಹಾರದಲ್ಲಿ. ಅದಕ್ಕೆ ಅಂಟಿಕೊಂಡೇ ತ್ರಿಲೋಕಪುರಿ ಇದೆ. 1984ರಲ್ಲಿ ಅತಿ ಘೋರ ಹತ್ಯೆಗಳು ನಡೆದ ಜಾಗಗಳಲ್ಲಿ ಅದೂ ಒಂದು. 2005ರ ಆಗಸ್ಟ್‌ನಲ್ಲಿ ಪ್ರಧಾನಿ ಮನಮೋಹನ ಸಿಂಗ್ ರಾಜ್ಯಸಭೆಯಲ್ಲಿ ಕ್ಷಮೆ ಕೇಳಿದರು. 2017ರಲ್ಲಿ ಸಂಸತ್ ಭವನದ ಹತ್ತಿರದ ರಕಾಬ್ ಗಂಜ್ ಗುರುದ್ವಾರದಲ್ಲಿ ಸತ್ತವರ ಹೆಸರು ಕೆತ್ತಿದ ಗೋಡೆ ಎದ್ದಿತು. ಆದರೆ ನಮ್ಮ ಸೊಸೈಟಿಯ ಪಾರ್ಕಿನಲ್ಲಿ ಸಂಜೆ ಕೂರುವ ಹಿರಿಯರ ಮಾತು ಬೇರೆಯೇ ಇರುತ್ತದೆ.

ಕೆಲವು ತಿಂಗಳ ಹಿಂದೆ ಪಾರ್ಕಿಂಗ್‌ನಲ್ಲಿ ಯಾರದೋ ಕಾರಿನ ಕನ್ನಡಿ ಒಡೆದಿತ್ತು. ಬೆಂಚಿನ ಮೇಲೆ ವಿಚಾರಣೆ ಶುರುವಾಯಿತು. ಎರಡನೇ ಬ್ಲಾಕಿನ ಹುಡುಗನದೇ ಕೆಲಸ ಎಂದು ಐದು ನಿಮಿಷದಲ್ಲಿ ತೀರ್ಮಾನವೂ ಆಯಿತು. ಹುಡುಗನಿಗೆ ಹತ್ತು ವರ್ಷ. ಕಿವಿಯ ಮೇಲೆ ಎರಡೂ ಕಡೆ ನುಣ್ಣಗೆ ಬೋಳಿಸಿ, ನಡುವೆ ಹುಂಜದ ಜುಟ್ಟಿನ ಹಾಗೆ ಕೂದಲು ನಿಲ್ಲಿಸಿ, ಪಕ್ಕದಲ್ಲಿ ಮಿಂಚಿನಂತೆ ಒಂದು ಗೆರೆ ಕೊರೆಸಿಕೊಂಡಿದ್ದಾನೆ. ಯಾವುದೋ ಫುಟ್‌ಬಾಲ್ ಆಟಗಾರನದಂತೆ. ಶಾಲೆಯಿಂದ ಒಂದು ಸಲ ಚೀಟಿಯೂ ಬಂದಿತ್ತಂತೆ.

"ನೋಡಿದವರು ಯಾರು?" ಎಂದು ಕೇಳಿದೆ.

"ನೋಡಬೇಕೇನ್ರೀ? ಅವನ ತಲೆ ನೋಡಿದರೆ ಗೊತ್ತಾಗಲ್ವಾ?" ಅಂದರು ಒಬ್ಬರು, ಹಿಂದಿಯಲ್ಲಿ.

ನಾನು ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ದುಡಿದವನು. ಸಾಲದ ಅರ್ಜಿಯಲ್ಲಿ ಆದಾಯಕ್ಕೆ ಕಾಲಂ ಇತ್ತು, ಆಸ್ತಿಗೆ ಇತ್ತು, ಹಳೆಯ ಸಾಲಕ್ಕೆ, ಜಾಮೀನುದಾರರಿಗೆ ಇತ್ತು. ತಲೆಗೂದಲಿಗೆ ಇರಲಿಲ್ಲ. ಅರ್ಜಿದಾರನ ಬಗ್ಗೆ ವಿರುದ್ಧವಾಗಿ ಷರಾ ಬರೆದರೆ ಅದಕ್ಕೆ ಆಧಾರ ಏನು ಎಂದೂ ಬರೆಯಬೇಕಾಗಿತ್ತು. ಇನ್ನು ವಸೂಲಾಗದ ಸಾಲಗಳ ಪಟ್ಟಿ ತೆಗೆದರೆ ಅದರಲ್ಲಿ ಸಫಾರಿ ಸೂಟು, ನೀಟ್ ಕ್ರಾಪಿನವರಿಗೇನೂ ಕೊರತೆ ಇರಲಿಲ್ಲ. ಇದನ್ನೇ ಅವರಿಗೆ ಹೇಳಿದೆ. ಆಧಾರ ಸಿಕ್ಕರೆ ಹುಡುಗನ ಅಪ್ಪನ ಹತ್ತಿರ ನಾನೇ ಬರುತ್ತೇನೆ, ಸಿಗುವವರೆಗೆ ಆ ಮಗುವಿನ ಹೆಸರು ಎತ್ತಬೇಡಿ ಎಂದೂ ಹೇಳಿದೆ. ಅವತ್ತು ಮಾತು ಅಲ್ಲಿಗೆ ನಿಂತಿತು. ಆದರೆ ಮರುದಿನದಿಂದ ಎರಡು ಮನೆಯವರು ತಮ್ಮ ಮಕ್ಕಳನ್ನು ಆ ಹುಡುಗನ ಜೊತೆ ಕ್ರಿಕೆಟ್ ಆಡಲು ಬಿಡಲಿಲ್ಲ. ಅವನು ಬ್ಯಾಟು ಹಿಡಿದುಕೊಂಡು ಬೇಲಿಯ ಹತ್ತಿರ ಒಬ್ಬನೇ ನಿಂತಿರುತ್ತಿದ್ದ.

ಕಾರಿನ ಕನ್ನಡಿಯನ್ನೂ 1984ನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುತ್ತಿದ್ದೀರಲ್ಲ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಅದು ಕೊಲೆ, ಇದು ಬೆಂಚಿನ ಮೇಲಿನ ಹರಟೆ. ಆದರೆ ಎರಡರಲ್ಲೂ ಮೊದಲ ಹೆಜ್ಜೆ ಒಂದೇ. ಏನು ಮಾಡಿದ ಎಂದು ಕೇಳುವ ಬದಲು ಹೇಗೆ ಕಾಣುತ್ತಾನೆ ಎಂದು ನೋಡುವುದು. ಊರಿನವರು ನೀವೂ ಇದನ್ನು ಕಂಡಿದ್ದೀರಿ. 2012ರ ಆಗಸ್ಟ್‌ನಲ್ಲಿ ಬರೀ ವದಂತಿಗಳಿಗೆ ಹೆದರಿ ಸಾವಿರಾರು ಈಶಾನ್ಯದ ಹುಡುಗ ಹುಡುಗಿಯರು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರಲ್ಲ, ಅವರು ಹೆದರಿದ್ದು ಇನ್ಯಾವುದಕ್ಕೆ? ಗುಂಪಿನಲ್ಲಿ ತಮ್ಮ ಮುಖ ತಕ್ಷಣ ಗುರುತು ಸಿಗುತ್ತದೆ ಎಂಬುದಕ್ಕೇ.

ಹಾಗಂತ ಶಾಲೆಗಳಲ್ಲಿ ನಿಯಮವೇ ಬೇಡ ಎಂದು ನಾನು ಹೇಳುವುದಿಲ್ಲ. ಕೂದಲು ಇಷ್ಟೇ ಉದ್ದ ಇರಬೇಕು, ಬಣ್ಣ ಹಾಕಬಾರದು ಎಂದು ಶಾಲೆ ಹೇಳಿದರೆ ಹೇಳಲಿ, ಮಕ್ಕಳು ಪಾಲಿಸಲಿ. ಬ್ಯಾಂಕಿನಲ್ಲಿ ನಾವೂ ಪ್ಯಾಂಟು ಶರ್ಟು ಇಸ್ತ್ರಿ ಮಾಡಿಯೇ ಹಾಕಿಕೊಂಡು ಹೋಗುತ್ತಿದ್ದೆವು. ನಿಯಮ ಬೇರೆ, ತೀರ್ಪು ಬೇರೆ. "ನಾಳೆ ಕೂದಲು ಕತ್ತರಿಸಿಕೊಂಡು ಬಾ" ಎನ್ನುವುದು ನಿಯಮ. "ನಿನ್ನ ತಲೆ ನೋಡಿದರೇ ಗೊತ್ತಾಗುತ್ತೆ ನೀನೆಂಥವನು ಅಂತ" ಎನ್ನುವುದು ತೀರ್ಪು. ಮೊದಲನೆಯದನ್ನು ಮಗು ಸಂಜೆ ಕ್ಷೌರದ ಅಂಗಡಿಗೆ ಹೋಗಿ ಮುಗಿಸುತ್ತದೆ. ಎರಡನೆಯದನ್ನು ಮುಗಿಸಲು ಅದಕ್ಕೆ ಯಾವ ಅಂಗಡಿಯೂ ಇಲ್ಲ.

ನಮ್ಮಲ್ಲಿ ಮುಖ ನೋಡಿ ಮಣೆ ಹಾಕುವುದು ಎಂಬ ಮಾತಿದೆ. ದೊಡ್ಡವರು ದೊಡ್ಡವರಿಗೆ ಹಾಗೆ ಮಾಡಿಕೊಂಡರೆ ಮಣೆ ಸಿಗದವನು ಎದ್ದು ಬೇರೆ ಮನೆಗೆ ಹೋದಾನು. ಮಕ್ಕಳು ಎಲ್ಲಿಗೆ ಹೋಗಬೇಕು? ಕೂದಲು ತಿಂಗಳಿಗೆ ಅರ್ಧ ಇಂಚಿನಷ್ಟು ಬೆಳೆಯುತ್ತದೆ. ಕತ್ತರಿಸಿದರೂ ಬರುತ್ತದೆ, ಬೋಳಿಸಿದರೂ ಬರುತ್ತದೆ. ಹತ್ತು ವರ್ಷದ ಹುಡುಗನಿಗೆ ಹತ್ತು ಜನ ಸೇರಿ ಹಚ್ಚಿದ ಹೆಸರು ಅಷ್ಟು ಸುಲಭವಾಗಿ ಹೋಗುವುದಿಲ್ಲ.