ಹಳೇ ಬ್ಯಾಟರಿಗೆ ಹೊಸ ಜೋಡಿ

ಊರ ಮನೆಯ ಇನ್ವರ್ಟರ್‌ಗೆ 12 ವೋಲ್ಟಿನ ಎರಡು ಬ್ಯಾಟರಿ, ಸೀರೀಸ್‌ನಲ್ಲಿ. ಐದನೇ ವರ್ಷ ಒಂದು ಕೈಕೊಟ್ಟಿತು. “ಇನ್ನೊಂದು ಚೆನ್ನಾಗೇ ಇದೆಯಲ್ಲೋ, ಸುಮ್ನೆ ಯಾಕೆ ದುಡ್ಡು ದಂಡ?” ಅಂದ್ರು ಅಪ್ಪ. ಎಂಜಿನಿಯರಿಂಗ್ ಓದಿದ ನಾನೂ ತಲೆಯಾಡಿಸಿ ಒಂದನ್ನೇ ತಂದು ಜೋಡಿಸಿದೆ.

ನಾಲ್ಕು ತಿಂಗಳಾಗಿತ್ತು. ಸಂಜೆ ಅಮ್ಮನ ಫೋನು. “ಮೆಟ್ಟಿಲ ಕೆಳಗೆ ಕೊಳೆತ ಮೊಟ್ಟೆ ವಾಸನೆ ಕಣೋ.” ಎದೆ ಧಸಕ್ಕೆಂದಿತು. “ಮೇನ್ ಆಫ್ ಮಾಡಮ್ಮ, ಕಿಟಕಿ ಬಾಗಿಲು ತೆಗಿ, ದೇವರ ದೀಪಾನೂ ಹಚ್ಚಬೇಡ” ಅಂದೆ.

ಮರುದಿನ ಹೋಗಿ ನೋಡಿದರೆ ಹಳೇ ಬ್ಯಾಟರಿ ಊದಿಕೊಂಡಿತ್ತು, ನೀರು ಬತ್ತಿತ್ತು. ಸೀರೀಸ್‌ನಲ್ಲಿ ಎರಡಕ್ಕೂ ಹರಿಯುವ ಕರೆಂಟು ಒಂದೇ. ಶಕ್ತಿ ಕುಂದಿದ ಹಳೇದು ಬೇಗ ತುಂಬುತ್ತದೆ. ಚಾರ್ಜರ್ ನೋಡುವುದು ಒಟ್ಟು ವೋಲ್ಟೇಜನ್ನು ಮಾತ್ರ. ಹೊಸದು ತುಂಬುವವರೆಗೂ ಹಳೇದಕ್ಕೆ ತುರುಕುತ್ತಲೇ ಇರುತ್ತದೆ. ಆಗ ನೀರು ಒಡೆದು ಹೈಡ್ರೋಜನ್ ಏಳುತ್ತದೆ, ಒಂದು ಕಿಡಿ ಸಾಕು. ಕರೆಂಟು ಹೋದಾಗಲೂ ಮೊದಲು ಬರಿದಾಗುವುದು ಅದೇ.

ಈಗ ಒಂದೇ ಕಂಪನಿಯ, ಒಂದೇ ಎಎಚ್‌ನ ಎರಡು ಹೊಸ ಬ್ಯಾಟರಿ, ಒಂದೇ ದಿನ ತಂದದ್ದು. ವಿವರಿಸಿದಾಗ ಅಪ್ಪ ಅಂದ್ರು: “ಮುದಿ ಎತ್ತಿಗೆ ಹೋರಿ ಕಟ್ಟಬಾರದು ಅಂತ ನಂಗೆ ಗೊತ್ತಿಲ್ವೇನೋ? ಅವತ್ತೇ ಹೀಗೆ ಹೇಳೋದಲ್ವಾ!”