ಎಣ್ಣೆ ಬೆರೆಸದ ಪೆಟ್ರೋಲು

ನನ್ನಿಂದ ಟೂ ಸ್ಟ್ರೋಕ್ ಎಂಜಿನ್ನಿನ ಪಾಠ ಕೇಳಿದವರಿಗೆ ಕಪ್ಪು ಹಲಗೆಯ ಮೇಲಿನ ಆ ಚಿತ್ರ ನೆನಪಿರಬಹುದು. ಅದರಲ್ಲಿ ಎಣ್ಣೆ ನಿಲ್ಲುವ ಪ್ರತ್ಯೇಕ ತೊಟ್ಟಿಯಿಲ್ಲ. ಪೆಟ್ರೋಲಿನೊಡನೆ ಬರುವ ಎಣ್ಣೆಯೇ ಪಿಸ್ಟನ್ನು, ಬೇರಿಂಗುಗಳು ಸವೆಯದಂತೆ ಕಾಯುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿ ತಯಾರಾದ ಯೆಜ್ಡಿ ಬೈಕುಗಳಿಗೆ ಬಂಕಿನಲ್ಲಿ ಎಣ್ಣೆಯನ್ನೂ ಅಳೆದು ಹಾಕಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಇಂದಿನ ಹುಡುಗರಿಗೆ ಆ ಅಭ್ಯಾಸವಿಲ್ಲ. ಅವರ ಬೈಕುಗಳೆಲ್ಲ ಫೋರ್ ಸ್ಟ್ರೋಕ್.

ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಅಡಿಕೆ ತೋಟದ ಕಳೆ ಕೊಚ್ಚಲು ಬಂದವನು ನನ್ನ ಹಳೆಯ ವಿದ್ಯಾರ್ಥಿಯೇ. ಸಾಲ ಮಾಡಿ ಕೊಂಡ ಯಂತ್ರವೊಂದೇ ಅವನ ಸಂಸಾರಕ್ಕೆ ಆಧಾರ. ಜೊತೆಗಿದ್ದ ಹುಡುಗ ಬೈಕಿಗೆಂದು ತಂದಿದ್ದ ಬರಿಯ ಪೆಟ್ರೋಲನ್ನು ಅದರ ಟಾಂಕಿಗೆ ಸುರಿದಿದ್ದ. ಕೆಲವೇ ನಿಮಿಷಗಳಲ್ಲಿ ಸದ್ದು ಕರ್ಕಶವಾಗಿ ವೇಗ ಕುಗ್ಗಿತು. ಇವನು ಕೂಡಲೇ ನಿಲ್ಲಿಸಿದ.

ಮಳೆ ಹನಿಯುತ್ತಿದ್ದುದರಿಂದ ಬಚ್ಚಲಿನ ಮಾಡಿನಡಿಯಲ್ಲಿ ಟಾಂಕಿ ಬರಿದು ಮಾಡಲು ಹೊರಟ.

“ಅಲ್ಲಿ ಬೇಡವೋ, ಒಳಗೆ ಒಲೆ ಉರೀತಿದೆ” ಎಂದೆ.

“ಒಲೆ ದೂರ ಇದೆಯಲ್ಲ, ಮೇಷ್ಟ್ರೇ?”

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಣ್ಣಿಗೆ ಕಾಣದೆ ನೆಲದ ಮೇಲೆ ಹರಿದು ದೂರದ ಕೆಂಡವನ್ನೂ ತಲುಪಬಲ್ಲದು. ಯಂತ್ರ ಕೆಟ್ಟರೆ ಸಾಲವಷ್ಟೇ ಉಳಿದೀತು. ಮೈಗೆ ಬೆಂಕಿ ತಗುಲಿದರೆ ಸಾಲ ತೀರಿಸುವವರು ಯಾರು?

ಮಳೆ ನಿಲ್ಲುವವರೆಗೆ ಕಾದೆವು. ಅಷ್ಟರಲ್ಲಿ ಎಂಜಿನ್ನೂ ಪೂರ್ತಿ ತಣಿಯಿತು. ಅಂಗಳದ ತುದಿಯಲ್ಲಿ ಟಾಂಕಿಯ ಪೆಟ್ರೋಲನ್ನು ಕ್ಯಾನಿಗೆ ಬಸಿದು, ಮುಚ್ಚಳ ಬಿಗಿದು ದೂರವಿಟ್ಟೆವು. ಸ್ವಿಚ್ ಆರಿಸಿ, ಪ್ಲಗ್ ಬಿಚ್ಚಿ, ಹಗ್ಗವನ್ನು ಮೆಲ್ಲನೆ ಎಳೆದು ನೋಡಿದ, ಹಿಡಿತವಿಲ್ಲದೆ ತಿರುಗಿತು. ಬಿಗಿಯಾಗಿದ್ದರೆ ಬಲವಂತ ಮಾಡದೆ ಮೆಕ್ಯಾನಿಕ್ ಬಳಿಗೆ ಒಯ್ಯಬೇಕು. ಸೈಲೆನ್ಸರ್ ತೆಗೆದಾಗ ಪಿಸ್ಟನ್ನಿನ ಮೇಲೆ ಒಂದೆರಡು ತೆಳು ಗೀರು ಮಾತ್ರ ಕಂಡವು. ಸರಿಯಾದ ಮಿಶ್ರಣ ತುಂಬಿ, ಅದು ಕಾರ್ಬುರೇಟರಿಗೆ ಬರುವಂತೆ ರಬ್ಬರ್ ಗುಂಡಿಯನ್ನು ಹಲವು ಸಲ ಒತ್ತಿದ ಮೇಲೆ ಎಂಜಿನ್ ಹೊತ್ತಿಕೊಂಡಿತು. ಆದರೂ ಒಮ್ಮೆ ಮೆಕ್ಯಾನಿಕ್‌ಗೆ ತೋರಿಸೆಂದು ಹೇಳಿ ಕಳುಹಿಸಿದೆ.

ಬಸಿದ ಅರ್ಧ ಲೀಟರ್ ಪೆಟ್ರೋಲೂ ವ್ಯರ್ಥವಾಗಲಿಲ್ಲ. ಆ ಯಂತ್ರದ ಕೈಪಿಡಿಯಲ್ಲಿದ್ದುದು 50ಕ್ಕೆ 1ರ ಪ್ರಮಾಣ, ಎಂದರೆ ಲೀಟರಿಗೆ 20 ಮಿ.ಲೀ. ಟೂ ಸ್ಟ್ರೋಕ್ ಎಣ್ಣೆ. ಅರ್ಧ ಲೀಟರಿಗೆ 10 ಮಿ.ಲೀ. ಸೇರಿಸಿದರೆ ಸಾಕಾಯಿತು. 25ಕ್ಕೆ 1 ಎಂದಿರುವ ಯಂತ್ರಗಳಿಗೆ ಲೀಟರಿಗೆ 40 ಮಿ.ಲೀ. ಬೇಕು. ಏಳನೆಯ ತರಗತಿಯ ಅನುಪಾತದ ಲೆಕ್ಕವಿದು!

ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ಉಂಟು. ಮಿಶ್ರಣವನ್ನು ಫೋರ್ ಸ್ಟ್ರೋಕ್ ಪಂಪಿಗೆ ಹಾಕಿದರೆ ಹೊಗೆ ಬಂದೀತು, ಪ್ಲಗ್ ಕರಿಗಟ್ಟೀತು. ಬಸಿದು, ಪ್ಲಗ್ ಒರೆಸಿ, ಶುದ್ಧ ಪೆಟ್ರೋಲು ತುಂಬಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೆದರಬೇಕಾದದ್ದು ಎಣ್ಣೆಯಿಲ್ಲದ ಪೆಟ್ರೋಲಿಗೆ.

ಕ್ಯಾನಿನಲ್ಲಿರುವುದು ಯಾವುದೆಂಬ ಸಂದೇಹ ಬಂದರೆ, ಬೆಂಕಿಯಿಂದ ದೂರ, ಬಯಲಿನಲ್ಲಿ ಬಿಳಿ ಕಾಗದದ ಮೇಲೆ ಒಂದು ಹನಿ ಬಿಡಿ. ಬರಿಯ ಪೆಟ್ರೋಲು ಆರಿಹೋಗುತ್ತದೆ. ಎಣ್ಣೆಯಿದ್ದರೆ ಜಿಡ್ಡಿನ ಕಲೆ ನಿಲ್ಲುತ್ತದೆ. ತೋಟವಿರುವ ನನ್ನ ಶಿಷ್ಯರೂ ಬಂಧುಗಳೂ ಎರಡು ಬೇರೆ ಬಣ್ಣದ ಕ್ಯಾನುಗಳನ್ನಿಟ್ಟು, ಅವುಗಳ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಿಡಬೇಕೆಂದು ಕೋರುತ್ತೇನೆ.